ಕೇಬಲ್ ಸರಿಮಾಡಿ ಹೋದ ಕಳ್ಳ

ಟಿವಿ ಕಪಾಟಿನ ಹಿಂದೆ ಮಂಡಿಯೂರಿ ಟಾರ್ಚ್ ಬಿಟ್ಟ ಮೆರಿನ್ ಪಾಸ್ಕೋಳ ಕಣ್ಣಿಗೆ ಮೊದಲು ಬಿದ್ದದ್ದು ಧೂಳೇ ಇಲ್ಲದ ಒಂದು ಕೇಬಲ್.

ಉಳಿದವುಗಳ ಮೇಲೆಲ್ಲ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಕೆಂಧೂಳು ಕೂತಿತ್ತು. ಉತ್ತರದ ಬಿಸಿಗಾಳಿ ಬೀಸಿತೆಂದರೆ ಮೂಂಟಾ ಊರಿನಲ್ಲಿ ಯಾರ ಮನೆಗೂ ವಿನಾಯಿತಿ ಇಲ್ಲ. ಈ ಕೇಬಲ್ ಮಾತ್ರ ಮದುವೆಮನೆಗೆ ಹೊರಟ ಹಾಗೆ ಥಳಥಳಿಸುತ್ತಿತ್ತು.

“ಏನಾದ್ರೂ ಸಿಕ್ತೇನೇ?” ಎಂದು ಕುರ್ಚಿಯಿಂದಲೇ ಕೇಳಿದಳು ಏವಿಸ್ ಟ್ರೆನರಿ.

“ಸಿಕ್ತು. ನಿನ್ನ ಮನೆಗೆ ಬಂದ ಕಳ್ಳ ಬಲು ಶಿಸ್ತಿನ ಮನುಷ್ಯ.”

ಕಳುವಾದದ್ದು ಇಷ್ಟೇ: ಏವಿಸ್‌ಳ ಗಂಡ ಕ್ಲೆಮ್ ಸಾಯುವ ಮುಂಚೆ ಮಾಡಿದ್ದ ಕೊನೆಯ ಧ್ವನಿಮುದ್ರಣದ ಡಿಸ್ಕ್. ಶನಿವಾರ ಬೆಳಗ್ಗೆ ನೋಡಿದರೆ ಇರಲಿಲ್ಲ. ಇವತ್ತು ಮಂಗಳವಾರ.

ಗುರುವಾರ ಅಡಿಲೇಡ್‌ನಲ್ಲಿ ಏವಿಸ್‌ಗೆ ಆಪರೇಷನ್. ಎಡಗಿವಿಯ ಒಳಗೆ, ನರದ ಮೇಲೆ, ಬಟಾಣಿ ಗಾತ್ರದ ಗಡ್ಡೆ. ಪ್ರಾಣಕ್ಕೇನೂ ಭಯವಿಲ್ಲ, ಆದರೆ ಗಡ್ಡೆಯ ಜೊತೆ ಆ ಕಿವಿಯೂ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಒಂದೇ ಕಿವಿ ಉಳಿದವರಿಗೆ ಶಬ್ದವೇನೋ ಕೇಳಿಸುತ್ತದೆ, ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಕ್ಲೆಮ್‌ನ ಮುದ್ರಣದ ಜೀವವೆಲ್ಲ ಇದ್ದದ್ದು ಆ ‘ಯಾವ ಕಡೆಯಿಂದ’ ಎಂಬುದರಲ್ಲೇ.

ಊರಿನ ಗಂಡಸರ ಗಾಯನ ತಂಡ ವಯಸ್ಸಾಗಿ ಮುಚ್ಚಿಹೋಗುವ ಮುನ್ನ, ಕ್ರಿಸ್‌ಮಸ್ ಹಿಂದಿನ ಸಂಜೆ ಗಣಿಯವರ ಹಳೇ ಪ್ರಾರ್ಥನಾ ಮಂದಿರವಾದ ಚಾಪೆಲ್‌ನಲ್ಲಿ ಕೊನೆಯ ಸಲ ಹಾಡಿತ್ತು. ಕ್ಲೆಮ್ ಏಳು ಕಡೆ ಮೈಕು ನಿಲ್ಲಿಸಿದ್ದ. ಅದನ್ನು ಸರಿಯಾಗಿ ಹಾಕಿದರೆ, ಏವಿಸ್‌ಳ ಈ ಕುರ್ಚಿಯಲ್ಲಿ ಕೂತವರು ಚಾಪೆಲ್‌ನ ನಡುವಿನ ಬೆಂಚಿನಲ್ಲಿ ಕೂತ ಹಾಗೆ. ಮುಂದೆ ಹಾಡುವವರು, ಪಕ್ಕದಲ್ಲಿ ಕೆಮ್ಮುವವರು. ಹಿಂದೆ ಎಡಕ್ಕೆ, ಬಾಗಿಲ ಬಳಿ, ಧ್ವನಿಮುದ್ರಣ ಯಂತ್ರದ ಮುಂದೆ ನಿಂತೇ ದನಿಗೂಡಿಸುತ್ತಿದ್ದ ಕ್ಲೆಮ್.

ಏಳು ವಾರ ಕಳೆದು ಅವನು ತೀರಿಕೊಂಡ. ಹದಿಮೂರು ತಿಂಗಳಾದರೂ ಏವಿಸ್‌ಗೆ ಅದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಇನ್ನು ತಡಮಾಡಿದರೆ ಆಗದು ಎಂದು ಶನಿವಾರ ಮನಸ್ಸು ಗಟ್ಟಿ ಮಾಡಿಕೊಂಡು, ಸಂಜೆಗೆ ಮೆರಿನ್‌ಳನ್ನೂ ಕರೆದು, ಟವೆಲ್ ಬೀರು ತೆರೆದಿದ್ದಳು. ಅಲ್ಲಿ, ಮಡಚಿಟ್ಟ ಟವೆಲ್‌ಗಳ ಪಕ್ಕ, ಕ್ಲೆಮ್ ಕೂಡಿಸಿಟ್ಟಿದ್ದ ಸರ್ವರ್ ಗುಂಯ್‌ಗುಡುತ್ತಿತ್ತು. ಮನೆಯ ಸಿನಿಮಾ, ಸಂಗೀತವೆಲ್ಲ ಅಲ್ಲಿಂದಲೇ ಟಿವಿ ಕೆಳಗಿನ ಪ್ಲೇಯರ್‌ಗೆ ಹರಿಯುವುದು. ಅದರ ನಾಲ್ಕು ಗೂಡುಗಳಲ್ಲಿ ಒಂದು ಖಾಲಿಯಾಗಿತ್ತು.

ಮೂವತ್ತು ವರ್ಷ ಪೊಲೀಸ್ ಸಾರ್ಜೆಂಟ್ ಆಗಿ ಕುರಿ ಕಳ್ಳರನ್ನೂ ದೋಣಿ ಕಳ್ಳರನ್ನೂ ಹಿಡಿದಿದ್ದ ಮೆರಿನ್‌ಗೆ ನಿವೃತ್ತಿಯ ನಂತರ ಸಿಕ್ಕ ಮೊದಲ ಕೇಸು ಗೆಳತಿಯ ಟವೆಲ್ ಬೀರು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು, ಹೊರಗೆ ತೋರಿಸಿಕೊಂಡಿರಲಿಲ್ಲ. ಮೂರು ದಿನ ಬೀರುವನ್ನೇ ತಡಕಿ, ಹಿತ್ತಲ ಕಿಟಕಿಗಳನ್ನೆಲ್ಲ ಪರೀಕ್ಷಿಸಿ, ಇವತ್ತು ಟಿವಿಯ ಹಿಂದಕ್ಕೆ ಬಂದಿದ್ದಳು.

ಥಳಥಳಿಸುವ ಕೇಬಲ್‌ನ ಒಂದು ತುದಿ ಪ್ಲೇಯರ್‌ನಲ್ಲಿತ್ತು, ಇನ್ನೊಂದು ನೇರ ಆಂಪ್ಲಿಫೈಯರ್‌ನಲ್ಲಿ. ಅಲ್ಲಿಂದ ಟಿವಿಗೆ ಬೇರೊಂದು. ಮೆರಿನ್ ಹುಬ್ಬು ಗಂಟಿಕ್ಕಿದಳು. ಹೀಗಿರಲಿಲ್ಲವಲ್ಲ ಇದು.

ಫೆಬ್ರವರಿಯಲ್ಲಿ ಹಳೇ ಟಿವಿ ಕೈಕೊಟ್ಟಾಗ ಅಂಗಡಿಯ ಸ್ಟಾವ್ರೋಸ್ ಬಂದು ಅಗ್ಗದ ಹೊಸದೊಂದನ್ನು ಕೂರಿಸಿ, ಪ್ಲೇಯರನ್ನು ಟಿವಿಗೆ ಸಿಕ್ಕಿಸಿ, ಟಿವಿಯಿಂದ ಶಬ್ದವನ್ನು ಆಂಪ್ಲಿಫೈಯರ್‌ಗೆ ವಾಪಸು ಕಳಿಸಿದ್ದ. ಒಂದೇ ರಿಮೋಟ್‌ನಲ್ಲಿ ಎಲ್ಲ ನಡೆಯುತ್ತದೆಂದು ಅವನಿಗೆ ಹೆಮ್ಮೆ. ಆದರೆ ಆ ಟಿವಿಯ ಓಣಿ ಕಿರಿದು. ಪೂರ್ತಿ ಶಬ್ದ ಅದರಲ್ಲಿ ಹಿಡಿಸದು, ಹಿಂಡಿ ಹಿಪ್ಪೆ ಮಾಡಿಯೇ ಆಚೆ ಬಿಡುತ್ತದೆ.

ಮೆರಿನ್ ಎದ್ದು, ಮೂರು ವಾರದ ಹಿಂದೆ ಇಬ್ಬರೂ ನೋಡಿದ್ದ ಸಿನಿಮಾವನ್ನೇ ಹಾಕಿದಳು. ಆವತ್ತು ಆಂಪ್ಲಿಫೈಯರ್‌ನ ಪುಟ್ಟ ಕಿಟಕಿಯಲ್ಲಿ ಹಿಂಡಿದ ಶಬ್ದದ ಹೆಸರು ಬಂದಿತ್ತು. ಈಗ ಹೊಳೆದದ್ದು ಪೂರ್ತಿ ಶಬ್ದದ ಹೆಸರು. ಪ್ಲೇಯರ್‌ನ ಸೆಟ್ಟಿಂಗ್ ತೆರೆದರೆ, ‘ಶಬ್ದವನ್ನು ಇದ್ದ ಹಾಗೇ ದಾಟಿಸು’ ಎಂಬ ಸಾಲಿನ ಮುಂದೆ ಗುರುತು ಬಿದ್ದಿತ್ತು. ಹಿಂಬದಿಯ ಎಡ ಸ್ಪೀಕರನ್ನು ಯಾರೋ ನಾಲ್ಕು ಬೆರಳು ಸರಿಸಿ, ಮುಖವನ್ನು ಕುರ್ಚಿಯ ಕಡೆ ತಿರುಗಿಸಿದ್ದರು. ಹಳೇ ಜಾಗದ ಗುರುತು ಕಾರ್ಪೆಟ್‌ನಲ್ಲಿ ಹಾಗೇ ಇತ್ತು.

ಏವಿಸ್‌ಳನ್ನು ಕೇಳಿದರೆ, ತಾನು ಆ ಕಡೆ ಕೈಯನ್ನೇ ಹಾಕಿಲ್ಲ ಎಂದಳು. ಶನಿವಾರದಿಂದ ಧಾರಾವಾಹಿಯವರ ಮಾತು ಯಾಕೋ ಸ್ಪಷ್ಟವಾಗಿದೆ, ಕಿವಿ ಹೋಗುವ ಮುಂಚೆ ಒಮ್ಮೆ ಚುರುಕಾಗುತ್ತದೇನೋ ಅಂದುಕೊಂಡಿದ್ದಳಂತೆ.

ಮೆರಿನ್‌ಗೆ ನಗು ತಡೆಯಲಾಗಲಿಲ್ಲ. ಕದಿಯಲು ಬಂದವನು ಕದ್ದು ಹೋಗಬೇಕು. ಇವನು ಬಂದು, ವೈರಿಂಗ್ ನೋಡಿ, ಹೊಟ್ಟೆ ಉರಿದುಕೊಂಡು, ಮಂಡಿಯೂರಿ ಎಲ್ಲವನ್ನೂ ಸರಿಮಾಡಿ, ಕೇಬಲ್ ಒರೆಸಿ, ಆಮೇಲೆ ಕದ್ದಿದ್ದ. ಹುಟ್ಟುಗುಣ ಸುಟ್ಟರೂ ಹೋಗದು.

ಬಾಗಿಲ ಕೀಲಿ ನಲ್ಲಿಯ ಪಕ್ಕದ ಚಿಪ್ಪಿನ ಕೆಳಗಿರುತ್ತದೆಂದು ಗೊತ್ತಿದ್ದದ್ದು ನಾಲ್ವರಿಗೆ. ಭಾನುವಾರ ಭಾನುವಾರ ಕ್ಲೆಮ್‌ನ ಜೊತೆ ಇಲ್ಲಿ ಕೂತು ಸಂಗೀತ ಕೇಳುತ್ತಿದ್ದವರು ಅವರು. ಒಬ್ಬಳು ಮೆರಿನ್. ಅವಳು ಮಾಂಸ-ಆಲೂಗಡ್ಡೆ ತುಂಬಿದ ಪೇಸ್ಟಿ ಕಡುಬು ತಂದುಕೊಟ್ಟು ಮೂರನೇ ಹಾಡಿಗೆ ಗೊರಕೆ ಹೊಡೆಯುವವಳು, ಅವಳನ್ನು ಬಿಡಿ.

ಇನ್ನೊಬ್ಬ ಸ್ಟಾವ್ರೋಸ್. ಅವನ ಅಂಗಡಿಗೆ ಹೋಗಿ, ಏವಿಸ್‌ಳ ವೈರಿಂಗ್ ಸರಿಯಿದೆಯೇ ಎಂದು ಕೇಳಿದಳು. ಸರಿಯಿಲ್ಲದೆ ಏನು, ತಾನು ಹಾಕಿದ್ದಲ್ಲವೇ ಎಂದು ಅವನು ಕೌಂಟರ್ ಮೇಲೆಯೇ ಅದರ ಚಿತ್ರ ಬರೆದು ತೋರಿಸಿದ. ಚಿತ್ರದಲ್ಲಿ ಶಬ್ದ ಇನ್ನೂ ಟಿವಿಯ ಮೂಲಕವೇ ಹೋಗುತ್ತಿತ್ತು. ತಾನು ಮಾಡಿದ್ದು ತಪ್ಪೆಂದೇ ತಿಳಿಯದವನು ಅದನ್ನು ತಿದ್ದಲು ಹೇಗೆ ಬಂದಾನು?

ಮೂರನೆಯವನು ಕ್ಲೆಮ್‌ನ ತಮ್ಮನ ಮಗ ಜೇಗೋ. ವಾಲಾರೂ ಬಂದರಿನ ಜೆಟ್ಟಿಯಲ್ಲಿ ಹಡಗಿಗೆ ಧಾನ್ಯ ತುಂಬುವ ಕೆಲಸ. ಚಾಪೆಲ್‌ನ ಹಾಡುಗಳ ಹಿಂಡಿದ ನಕಲೊಂದು ಅವನ ಫೋನಿನಲ್ಲಿತ್ತು. ಅದನ್ನು ಏವಿಸ್‌ಗೆ ಕೇಳಿಸಿ ಸಮಾಧಾನ ಮಾಡಲು ಭಾನುವಾರ ಬಂದಿದ್ದ. ಶಬ್ದ ಜೋರಾಗಲಿ ಎಂದು ಫೋನನ್ನು ಚಹಾದ ಮಗ್ಗಿನೊಳಗೆ ನಿಲ್ಲಿಸಿದ್ದ. ಅವನನ್ನು ಸಂಶಯಿಸುವುದು ಅವನಿಗೆ ಇಲ್ಲದ ಮರ್ಯಾದೆ ಕೊಟ್ಟಂತೆ.

ಉಳಿದವನು ಡೆನ್ಜಿಲ್ ರೋ.

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದ ಡೆನ್ಜಿಲ್‌ಗೆ ಶಬ್ದವೆಂದರೆ ಪ್ರಾಣ. ಒಂದು ಕಣವೂ ಸೋರದೆ ಡಿಸ್ಕಿನಿಂದ ಕಿವಿಗೆ ಬರಬೇಕು ಎಂದು ನಲವತ್ತು ವರ್ಷ ಎಲ್ಲರ ತಲೆ ತಿಂದಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ, ಡೆನ್ಜಿಲ್‌ಗೆ ಮಾತು ಬಾರದು. ಕ್ಲೆಮ್‌ನ ಅಂತ್ಯಕ್ರಿಯೆ ಮುಗಿಸಿ ಚಹಾ ಕುಡಿಯುತ್ತಿದ್ದಾಗ, ಆ ಸ್ಪೀಕರುಗಳನ್ನು ಕ್ಲೆಮ್ ತನಗೆ ಕೊಡುತ್ತೇನೆಂದಿದ್ದ ಎಂದು ಏವಿಸ್‌ಳ ಮುಂದೆ ಆಡಿಬಿಟ್ಟ. ಅಂದಿನಿಂದ ಅವನಿಗೆ ಆ ಮನೆಯ ಬಾಗಿಲು ಮುಚ್ಚಿತ್ತು. ಹೊಸ ಟಿವಿ ಬಂದ ಮೇಲಂತೂ ಅವನು ಒಳಗೆ ಕಾಲಿಟ್ಟಿರಲಿಲ್ಲ.

ಮಧ್ಯಾಹ್ನ ಮೆರಿನ್ ಬೇಕರಿಯಿಂದ ಎರಡು ಪೇಸ್ಟಿ ಕಟ್ಟಿಸಿಕೊಂಡು ಸಮುದ್ರದಂಡೆಯ ಮೂಂಟಾ ಬೇ ಕಡೆಗೆ ಕಾರು ಬಿಟ್ಟಳು. ಡೆನ್ಜಿಲ್ ಮನೆಯ ಹಿಂದೆ, ಕಾರು ನಿಲ್ಲಿಸಬೇಕಾದ ಶೆಡ್ಡಿನಲ್ಲಿ, ದಪ್ಪ ಪರದೆ ಇಳಿಬಿಟ್ಟು ಸಂಗೀತದ ಕೋಣೆ ಮಾಡಿಕೊಂಡಿದ್ದ. ಕಾರು ಪಾಪ ಬಿಸಿಲಲ್ಲಿ ಬೇಯುತ್ತಿತ್ತು.

ಪೇಸ್ಟಿ ಕಂಡು ಅವನ ಮುಖ ಅರಳಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಸಾಸ್ ಸುರಿದುಕೊಂಡು ತಿಂದರು. ಸಮುದ್ರ ಶಾಂತವಾಗಿತ್ತು. ಜೆಟ್ಟಿಯಲ್ಲಿ ಟಾಮಿ ರಫ್ ಮೀನು ಚೆನ್ನಾಗಿ ಬೀಳುತ್ತಿದೆ ಎಂದು ಅವನು ಹೇಳಿದ. ಇಂಥ ಹೊತ್ತಿನಲ್ಲಿ ಯಾರನ್ನಾದರೂ ಹಿಡಿಯುವುದು ಮೆರಿನ್‌ಗೆ ಸ್ವಲ್ಪ ಬೇಸರವೇ ಆಯಿತು. ಆದರೂ ಗಾಳ ಹಾಕಿದಳು.

“ಮೇಷ್ಟ್ರೇ, ನೀವು ಆ ಸ್ಟಾವ್ರೋಸನ್ನ ಸುಮ್ಸುಮ್ನೆ ಬೈತೀರಿ. ಏವಿಸ್ ಮನೇಲಿ ಇವತ್ತು ಸಿನಿಮಾ ಹಾಕ್ದೆ. ಏನ್ ಶಬ್ದ ಅಂತೀರಿ. ಹಿಂದಿನ ಸ್ಪೀಕರಿಂದ ಎಲೆ ಬಿದ್ದದ್ದೂ ಕೇಳುತ್ತೆ. ಪುಣ್ಯಾತ್ಮ, ಎಷ್ಟು ಚೆನ್ನಾಗಿ ವೈರಿಂಗ್ ಮಾಡಿದಾನೆ.”

ಡೆನ್ಜಿಲ್‌ನ ಬಾಯಿಗೆ ಹೋಗುತ್ತಿದ್ದ ಪೇಸ್ಟಿ ನಡುದಾರಿಯಲ್ಲಿ ನಿಂತಿತು.

“ಸ್ಟಾವ್ರೋಸಾ?”

“ಮತ್ತಿನ್ಯಾರು? ಊರವರಿಗೆಲ್ಲ ಹೇಳ್ತೀನಿ ಅಂತಿದಾಳೆ ಏವಿಸ್. ನಿಮ್ಮ ಸಂಗೀತದ ಕ್ಲಬ್ಬಲ್ಲೂ ಅವನಿಗೊಂದು ಸನ್ಮಾನ ಮಾಡಿ.”

ಅವನ ಕಿವಿಗಳು ಕೆಂಪಾದವು. ಒಂದು ನಿಮಿಷ ತಡೆದುಕೊಂಡ, ಪಾಪ. ಎರಡನೇ ನಿಮಿಷಕ್ಕೆ ಕಟ್ಟೆ ಒಡೆಯಿತು.

“ಆ ಮನುಷ್ಯ ಪ್ಲೇಯರನ್ನ ಟಿವಿಗೆ ಚುಚ್ಚಿದ್ದ ಕಣಮ್ಮ, ಟಿವಿಗೆ. ಸರ್ವರ್‌ನಲ್ಲೂ ಎಲ್ಲಾನೂ ಹಿಂಡಿ ಕಳಿಸು ಅಂತ ಒತ್ತಿಟ್ಟಿದ್ದ. ಹಿಂದಿನ ಎಡಗಡೆ ಸ್ಪೀಕರ್ ಗೋಡೆ ನೋಡ್ತಿತ್ತು. ಗೋಡೆಗೇನು ಕಿವಿ ಇದೆಯಾ? ಅವನಿಗೆ ಸನ್ಮಾನ ಬೇರೆ.”

“ಟಿವಿ ತಂದಿದ್ದು ಫೆಬ್ರವರೀಲಿ. ನೀವು ಆ ಮನೆ ಬಿಟ್ಟು ವರ್ಷ ಮೇಲಾಯ್ತು. ನಿಮಗೆ ಹೇಗೆ ಗೊತ್ತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಈ ಕಳ್ಳ ಕುಂಬಳಕಾಯಿ ಬೆಳೆದವನು ತಾನೇ ಎಂದು ಜಗಳಕ್ಕೇ ನಿಂತಿದ್ದ. ಅವನು ಪೇಸ್ಟಿಯನ್ನು ಕಾಗದದಲ್ಲಿ ಮತ್ತೆ ನಿಧಾನವಾಗಿ ಸುತ್ತಿಟ್ಟ.

ಆಮೇಲೆ ಅವನು ಹೇಳಿದ್ದು ಇಷ್ಟು. ಆಪರೇಷನ್ ಸುದ್ದಿ ಅವನಿಗೂ ತಲುಪಿತ್ತು. ಕಿವಿ ಹೋಗುವ ಮುನ್ನ ಏವಿಸ್ ಆ ಮುದ್ರಣ ಕೇಳಿಯೇ ಕೇಳುತ್ತಾಳೆ, ಆದರೆ ಸ್ಟಾವ್ರೋಸ್ ಕೈಯಾಡಿಸಿದ ಮೇಲೆ ಅಲ್ಲಿ ಏನು ಕೇಳಿಸೀತು ಎಂದು ಯೋಚಿಸಿ ನಿದ್ದೆಗೆಟ್ಟಿದ್ದ. ಬಾಗಿಲು ತಟ್ಟಿ ಕೇಳೋಣವೆಂದರೆ ಮುಖವಿಲ್ಲ. ಶುಕ್ರವಾರ ಮಧ್ಯಾಹ್ನ ಅವಳು ಹುಲ್ಲಂಗಳದ ಬೌಲ್ಸ್ ಆಟಕ್ಕೆ ಹೋದಾಗ ಚಿಪ್ಪು ಎತ್ತಿ ಒಳಗೆ ಹೋಗಿದ್ದ. ಸರಿಮಾಡಿ ಸುಮ್ಮನೆ ಬಂದುಬಿಡುವುದು ಎಂದುಕೊಂಡಿದ್ದನಂತೆ.

ಮೆರಿನ್‌ಗೆ ಅವನ ಮೇಲೆ ಕೋಪ ಬರಲಿಲ್ಲ. ಅಪ್ಪಿಕೊಳ್ಳಬೇಕೆನಿಸಿತು.

“ಹಾಗಾದ್ರೆ ಡಿಸ್ಕ್ ಯಾಕೆ ತಂದ್ರಿ?”

“ಸರಿಯಾಯ್ತಾ ಅಂತ ಹಾಕಿ ನೋಡಬೇಕಲ್ಲ. ಹಾಕ್ದೆ. ಹಾಡು ಮುಗಿದ ಮೇಲೂ ಒಂದಿಷ್ಟು ಕೇಳ್ದೆ.” ಅವನು ಅವಳ ಮುಖ ನೋಡಲಿಲ್ಲ. “ನೀನೂ ಕೇಳು ಬಾ.”

ಶೆಡ್ಡಿನಲ್ಲಿ ಪರದೆ ಎಳೆದು ಅವಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಕೊನೆಯ ಹಾಡಿನ ಕೊನೆಯ ಸಾಲು. ದನಿಗಳೆಲ್ಲ ಒಂದಾಗಿ ಏರಿ ನಿಂತವು, ಚಾಪೆಲ್‌ನ ಮಾಡಿನಲ್ಲಿ ಸ್ವಲ್ಪ ಹೊತ್ತು ತಂಗಿ ಕರಗಿದವು. ಜನ ಎದ್ದು ಹೋಗುವ ಸದ್ದು. ಜೇಗೋನ ನಕಲಿನಲ್ಲಿ ಇಲ್ಲಿಗೇ ಮುಗಿಯುತ್ತದೆ. ಇದರಲ್ಲಿ ಮುಗಿಯಲಿಲ್ಲ. ಹಿಂದೆ, ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕ್ಲೆಮ್ ಗಂಟಲು ಸರಿಪಡಿಸಿಕೊಂಡ.

“ನಾನು ಈಸ್ಟರ್‌ವರೆಗೂ ಉಳಿಯಲ್ಲ ಅಂದ್ರು ಡಾಕ್ಟ್ರು. ಏವಿಸ್‌ಗೆ ಹೇಳ್ಬೇಡ. ಜನವರೀಲಿ ತಂಗಿ ಮನೆಗೆ ಹೋಗ್ಬೇಕು ಅಂತ ವರ್ಷದಿಂದ ಕಾಯ್ತಿದಾಳೆ. ಖುಷಿಯಾಗಿ ಹೋಗಿ ಬರ್ಲಿ.”

“ಹೇಳಲ್ಲ ಕ್ಲೆಮ್. ಆಣೆ.”

ಎರಡನೆಯದು ಮೆರಿನ್‌ಳದೇ ದನಿ. ಅವಳು ಥಟ್ಟನೆ ಕೈಯೆತ್ತಿ ನಿಲ್ಲಿಸು ಎಂದಳು.

ಆ ಸಂಜೆ ಬಾಗಿಲ ಬಳಿ ಅವನು ಹೇಳಿದ್ದನ್ನು ಅವಳು ಒಂದು ದಿನವೂ ಮರೆತಿರಲಿಲ್ಲ. ಅದು ಯಂತ್ರದೊಳಗೆ ಕೂತಿದೆಯೆಂದು ಮಾತ್ರ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಜನವರಿಯ ಮೂರು ವಾರ ಏವಿಸ್ ಪೋರ್ಟ್ ಲಿಂಕನ್‌ನಲ್ಲಿ ತಂಗಿಯ ಜೊತೆ ಮೀನು ಹಿಡಿಯುತ್ತಿದ್ದಳು. ಅವಳಿಗೆ ವಿಷಯ ಗೊತ್ತಾದದ್ದು ಗಂಡನ ಕೊನೆಯ ಎಂಟು ದಿನಗಳಲ್ಲಿ. ಆ ಮೂರು ವಾರ ಯಾರು ವಾಪಸು ಕೊಡುತ್ತಾರೆ ಎಂದು ಅವಳು ಮೆರಿನ್‌ಳ ಹೆಗಲ ಮೇಲೇ ಅತ್ತಿದ್ದಳು. ಮೆರಿನ್ ಆಗಲೂ ಬಾಯಿ ಬಿಟ್ಟಿರಲಿಲ್ಲ.

“ಕ್ಲೆಮ್ ಯಂತ್ರ ನಿಲ್ಲಿಸೋದು ಮರೆತಿದಾನೆ ಪಾಪ,” ಎಂದ ಡೆನ್ಜಿಲ್. “ನಾನೂ ಇಲ್ಲಿಗೇ ನಿಲ್ಲಿಸ್ಬಿಟ್ಟೆ. ಏವಿಸ್ ಕೇಳಿದ್ರೆ ನಿಮ್ಮಿಬ್ಬರ ಸ್ನೇಹ ಮುಗೀತು ಅನ್ನಿಸ್ತು. ಅದಕ್ಕೇ ಎತ್ಕೊಂಡು ಬಂದೆ.”

ಮೇಜಿನ ಡ್ರಾಯರಿನಿಂದ ಒಂದೇ ಥರದ ಎರಡು ಡಿಸ್ಕ್ ತೆಗೆದ. ಒಂದು ಅಸಲಿ. ಇನ್ನೊಂದು ಅವನು ನಾಲ್ಕು ದಿನ ಕೂತು ಮಾಡಿದ ನಕಲು, ಅದಕ್ಕೆ ಹಸಿರು ಚುಕ್ಕೆ ಅಂಟಿಸಿದ್ದ. ಹಾಡುಗಳಲ್ಲಿ ಒಂದು ಕಣವೂ ನಷ್ಟವಾಗಿಲ್ಲ, ಕೊನೆಯ ಎರಡು ನಿಮಿಷ ಮಾತ್ರ ಇಲ್ಲ. ನಲವತ್ತು ವರ್ಷದಲ್ಲಿ ತಾನು ಮಾಡಿದ ಮೊದಲ ಪಾಪವಂತೆ ಅದು.

“ಯಾವುದು ಕೊಡಬೇಕು ನೀನೇ ನೋಡು ಸಾರ್ಜೆಂಟ್. ನಂಗೆ ಇದೆಲ್ಲ ತಿಳಿಯಲ್ಲ.”

ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮೆರಿನ್ ಹೊರಟಳು. ಹತ್ತು ನಿಮಿಷದ ದಾರಿ. ಕ್ಲೆಮ್ ಹಾಡಿದ್ದು ಬೇರೆಯವರ ಜೊತೆ ಸೇರಿ, ಅವನು ಆಡಿದ ಮಾತು ಉಳಿದಿರುವುದು ಆ ಎರಡು ನಿಮಿಷದಲ್ಲಿ ಮಾತ್ರ. ಅದನ್ನು ಏವಿಸ್‌ಳಿಂದ ಕಿತ್ತುಕೊಳ್ಳಲು ತಾನ್ಯಾರು? ಕೊಟ್ಟರೆ, ಕಿವಿ ಕಳೆದುಕೊಳ್ಳುವ ವಾರದಲ್ಲೇ ಗೆಳತಿಯನ್ನೂ ಕಳೆದುಕೊಳ್ಳುತ್ತಾಳೆ. ಹೀಗೆಂದು ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡಳು. ನಿಜವೆಂದರೆ ಅವಳು ಹೆದರಿದ್ದಳು. ಕುರಿ ಕಳ್ಳರ ಬಂದೂಕಿಗೂ ಅವಳು ಇಷ್ಟು ಹೆದರಿದವಳಲ್ಲ.

ಏವಿಸ್ ಆಸ್ಪತ್ರೆಯ ಚೀಲವನ್ನು ಆಗಲೇ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಡಿಸ್ಕ್ ಸಿಕ್ಕಿತೆಂದು ಕೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕದ್ದದ್ದು ಡೆನ್ಜಿಲ್ ಎಂದು ತಿಳಿದಾಗ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆ ಮುಠ್ಠಾಳನಿಗೆ ನಾಳೆ ಊಟಕ್ಕೆ ಬರಲು ಹೇಳು ಎಂದಳು.

ಮೆರಿನ್ ಟವೆಲ್ ಬೀರುವಿನ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಹಸಿರು ಚುಕ್ಕೆಯ ಡಿಸ್ಕನ್ನು ಗೂಡಿಗೆ ತಳ್ಳಿ, ಬೀರು ಮುಚ್ಚಿ, ಬಂದು ರಿಮೋಟ್ ಒತ್ತಿದಳು.

ಚಾಪೆಲ್ ಕೋಣೆಯ ತುಂಬ ಬಂದು ನಿಂತಿತು. ಯಾರೋ ಬೆಂಚು ಸರಿಸಿದರು. ಮುಂದಿನಿಂದ ಮೊದಲ ದನಿ ಎದ್ದಿತು, ಬಲದಿಂದ ಎರಡನೆಯದು. ಹಿಂದಿನಿಂದ, ಎಡಗಡೆಯಿಂದ, ಕ್ಲೆಮ್ ಮೆಲ್ಲಗೆ ಸೇರಿಕೊಂಡ. ಏವಿಸ್‌ಳ ಕತ್ತು ತಾನಾಗಿ ಅತ್ತ ತಿರುಗಿತು. ಅವಳ ಮುಖದ ಮೇಲಿನ ಸುಖ ಕಂಡು, ಮಾಡಿದ್ದೇ ಸರಿ ಎನಿಸಿತು ಮೆರಿನ್‌ಗೆ.

“ಬಾ, ಪಕ್ಕದಲ್ಲಿ ಕೂತ್ಕೋ,” ಎಂದಳು ಏವಿಸ್, ಕಣ್ಣು ಮುಚ್ಚಿಯೇ. “ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ, ಬೈಬೇಡ. ಆಸ್ಪತ್ರೇಲಿ ಕ್ಲೆಮ್ ನನ್ನಿಂದ ಮಾತು ತಗೊಂಡಿದ್ದ. ಇದನ್ನ ಒಬ್ಬಳೇ ಕೇಳ್ಬೇಡ, ಮೆರಿನ್ ಪಕ್ಕದಲ್ಲಿದ್ದಾಗ್ಲೇ ಕೇಳು ಅಂದ. ಹಾಡು ಮುಗೀತು ಅಂತ ನಿಲ್ಲಿಸ್ಬೇಡ, ನಾನು ಬೇಕಂತಲೇ ಮೈಕ್ ಬಿಟ್ಟಿದೀನಿ, ನಿಮ್ಮಿಬ್ಬರಿಗೂ ಒಂದು ಮಾತಿದೆ ಅಂದ.”

ಇಬ್ಬರಿಗೂ. ಶೆಡ್ಡಿನಲ್ಲಿ ‘ಆಣೆ’ ಎಂಬ ಮಾತಿನವರೆಗೆ ಕೇಳಿ ತಾನೇ ಕೈಯೆತ್ತಿ ನಿಲ್ಲಿಸು ಎಂದದ್ದು ಮೆರಿನ್‌ಗೆ ನೆನಪಾಯಿತು. ತಾನು ಆ ಸಂಜೆ ಕಣ್ಣೊರೆಸಿಕೊಂಡು ಹೊರಗೆ ಹೋದ ಮೇಲೆ ಕ್ಲೆಮ್ ಒಬ್ಬನೇ ಅಲ್ಲಿ ಏನು ಹೇಳಿದ್ದನೋ, ಅವಳಿಗೆ ಗೊತ್ತಿರಲಿಲ್ಲ.

ಏವಿಸ್ ಅವಳ ಕೈ ಹಿಡಿದು ಕೂರಿಸಿದಳು, ಬಿಡಲಿಲ್ಲ. ಹಾಡುಗಳು ಮುಗಿಯಲು ನಲವತ್ತು ನಿಮಿಷವಿತ್ತು. ಅಸಲಿ ಡಿಸ್ಕ್ ಇದ್ದ ಮೆರಿನ್‌ಳ ಚೀಲ ಏವಿಸ್‌ಳ ಕಾಲ ಬಳಿ, ಬಾಯಿ ತೆರೆದುಕೊಂಡು ಬಿದ್ದಿತ್ತು.